ಬಿಲ ಬಿಟ್ಟು ಬಂದ ಮುಳ್ಳುಹಂದಿ

ಕಲ್ಲುಗುಡ್ಡದ ಕುರುಚಲು ಕಾಡಿನಲ್ಲಿ ಕೂರಪ್ಪ ಎಂಬ ಮುಳ್ಳುಹಂದಿ ವಾಸವಾಗಿದ್ದ. ಅಗೆದು ತಂದ ಗೆಡ್ಡೆಗಳನ್ನು ಬಿಲದ ಬಾಗಿಲಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಸಾಲಾಗಿ ಜೋಡಿಸಿದ ಮೇಲೆಯೇ ಅವನು ಊಟಕ್ಕೆ ಕೂರುವುದು. ಶಿಸ್ತು ಒಳ್ಳೆಯದೇ ಮಕ್ಕಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲು ಕೊಂಚ ಕೆಟ್ಟರೂ ಕೂರಪ್ಪನ ಮೈಮೇಲಿನ ಮುಳ್ಳೆಲ್ಲ ಎದ್ದು ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಪೊದೆಯ ಚಿಗುರಿ ಎಂಬ ಮೊಲ ಕುಣಿಯುತ್ತ ಬಂದು ಆ ಸಾಲಿನ ಮೇಲೆಯೇ ಹಾದುಹೋದಳು.

"ಕಣ್ಣು ಕಾಣಲ್ವಾ ನಿನಗೆ?"

"ನಾಲ್ಕು ಗೆಡ್ಡೆ ಉರುಳಿದ್ದಕ್ಕೆ ಇಷ್ಟು ಕೂಗೋದಾ ಕೂರಣ್ಣ? ಜೋಡಿಸಿಕೊಡ್ತೀನಿ ಬಿಡು."

ಅವಳ ಮಾತು ಮುಗಿಯುವಷ್ಟರಲ್ಲಿ ಕೂರಪ್ಪ ಗರಕ್ಕನೆ ತಿರುಗಿ ಹಿಂದಕ್ಕೆ ನುಗ್ಗಿಯಾಗಿತ್ತು. ಒಂದು ಮುಳ್ಳು ಚಿಗುರಿಯ ಹಿಂಗಾಲಿಗೆ ನಾಟಿತು. ಅವಳು ಕುಂಟುತ್ತ ಹೋದುದನ್ನು ಕಂಡು ಅವನ ಎದೆ ಕುಸಿಯಿತು.

"ಥೂ, ನನ್ನಂಥ ದುಷ್ಟ ಇನ್ನೊಬ್ಬನಿಲ್ಲ. ಈ ಸಿಟ್ಟು ಪೂರ್ತಿ ಹೋಗುವವರೆಗೆ ನನಗೆ ಊಟವಿಲ್ಲ, ಯಾರಿಗೂ ಮುಖ ತೋರಿಸುವುದಿಲ್ಲ" ಎಂದು ಬಿಲ ಸೇರಿದ.

ಎರಡು ದಿನ ತನ್ನನ್ನು ತಾನೇ ಬೈದುಕೊಂಡ. ಬೈದಷ್ಟೂ ಮುಳ್ಳು ನೆಟ್ಟಗಾಗಿ ಬಿಲದ ಗೋಡೆ ಕೆರೆದು ತಲೆಯ ಮೇಲೆ ಮಣ್ಣು ಉದುರಿತು.

ಮೂರನೆಯ ದಿನ ಆಮೆಯಜ್ಜಿ ಬಾಗಿಲಿಗೆ ಬಂದಳು. "ಏನೋ ಒಳಗೆ ಮಾಡ್ತಿದ್ದೀಯ?"

"ಶಿಕ್ಷೆ ಅನುಭವಿಸ್ತಿದ್ದೀನಿ ಅಜ್ಜಿ."

"ಶಿಕ್ಷೆ ಯಾರಿಗೋ? ಚಿಗುರಿಯ ಕಾಲು ಬಾತಿದೆ, ಓಡಲಾರಳು. ನರಿ ಎರಡು ಸಲ ಪೊದೆ ಮೂಸಿ ಹೋಗಿದೆ. ಮುಳ್ಳು ಕೀಳೋಣ ಅಂದರೆ ನನಗೆ ಹಲ್ಲಿಲ್ಲ. ಮೊನ್ನೆ ಅವಳ ಮೇಲೆ ಸಿಟ್ಟು, ಇವತ್ತು ನಿನ್ನ ಮೇಲೆ ಸಿಟ್ಟು. ಸಿಟ್ಟು ಬಿಟ್ಟ ಹಾಗೆ ಎಲ್ಲಿ ಆಯ್ತು?"

ಕೂರಪ್ಪ ತಲೆ ತಗ್ಗಿಸಿ ಹೊರಬಂದ. ಅಜ್ಜಿಯೊಂದಿಗೆ ಚಿಗುರಿಯ ಪೊದೆಯ ಮುಂದೆ ನಿಂತು, "ನೀನು ನನ್ನ ಮುಖ ನೋಡಲ್ಲ ಅಂದುಕೊಂಡೆ. ತಪ್ಪಾಯ್ತು ಚಿಗುರಿ" ಎಂದ.

"ಮುಖ ಆಮೇಲೆ ನೋಡ್ತೀನಿ ಮಾರಾಯ, ಮೊದಲು ಮುಳ್ಳು ಕೀಳು."

ಅವನು ಹಲ್ಲಿನಿಂದ ಹಿಡಿದು ಎಳೆದ, ಮುಳ್ಳು ಬರಲಿಲ್ಲ. ನೋವಿಗೆ ಚಿಗುರಿ ಒದ್ದ ಒದೆ ಅವನ ಮೂತಿಗೇ ಬಿತ್ತು. ಮುಳ್ಳೆಲ್ಲ ಮತ್ತೆ ಎದ್ದವು. ಕೂರಪ್ಪನಿಗೆ ನಾಚಿಕೆಯಾಯಿತು, ಓಡಿಹೋಗಿ ಬಿಲ ಸೇರಬೇಕೆನಿಸಿತು.

"ನೋಡಿದೆಯಾ ಅಜ್ಜಿ? ಸಿಟ್ಟು ಮತ್ತೆ ಬಂತು."

"ಬಂದರೆ ಬರಲಿ, ಇಳಿಯುತ್ತೆ. ಆ ಕಡೆ ತಿರುಗಿ ಸ್ವಲ್ಪ ನಿಲ್ಲು."

ಕೂರಪ್ಪ ದೂರ ಸರಿದು, ಮರವೊಂದಕ್ಕೆ ಮುಖಮಾಡಿ ನಿಂತ. ಈ ಸಲ ತನ್ನನ್ನು ಬೈದುಕೊಳ್ಳಲಿಲ್ಲ. ಉಸಿರು ನಿಧಾನವಾಯಿತು. ಒಂದೊಂದಾಗಿ ಮುಳ್ಳು ಮಲಗಿದವು. ತಿರುಗಿ ಬಂದು, ಮೆಲ್ಲನೆ ಹಿಡಿದು, ಒಂದೇ ಎಳೆತಕ್ಕೆ ಕಿತ್ತ.

ಎರಡು ದಿನ ಅವನೇ ಅವಳ ಪೊದೆಗೆ ಕಾವಲು ನಿಂತ. ನರಿ ಬಂತು, ಎದ್ದು ನಿಂತ ಮುಳ್ಳುಗಳನ್ನು ನೋಡಿತು, ಬಂದ ದಾರಿ ಹಿಡಿಯಿತು. ಒಳಗೆ ಚಿಗುರಿ ನೆಮ್ಮದಿಯಾಗಿ ಹುಲ್ಲು ಮೆಲ್ಲುತ್ತಿದ್ದಳು.

ನೀತಿ: ಸಿಟ್ಟು ಮಾಡಿಕೊಂಡೆನೆಂದು ತನ್ನ ಮೇಲೆಯೇ ಸಿಟ್ಟಾಗುವುದು ತಿದ್ದಿಕೊಂಡಂತಲ್ಲ; ತಾಳ್ಮೆಯಿಂದ ತನ್ನನ್ನು ಸಂಭಾಳಿಸಿಕೊಂಡು, ಆದ ಗಾಯವನ್ನು ಮೊದಲು ವಾಸಿಮಾಡಬೇಕು.