ಕೈಗುಣದ ತಂಗಿ, ಸುಣ್ಣದ ಬೊಟ್ಟಿನ ಅಕ್ಕ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನಮ್ಮಪ್ಪನ ಅವ್ವ, ಗೌರವ್ವ. ನಾವೆಲ್ಲ ಅವಳನ್ನು ಆಯಿ ಅಂತಿದ್ದೆವು. ನಿನಗೆ ಯಾರು ಹೇಳಿದರು ಆಯಿ ಅಂತ ಕೇಳಿದರೆ, ಅವರ ಹೆಸರು ಹೇಳಿದರ ಅವರ ಹೊಟ್ಟೆಕಿಚ್ಚೂ ಹೇಳಬೇಕಾಗ್ತದ, ಸುಮ್ಮನ ಮಲಕೋ ಅನ್ನುತ್ತಿದ್ದಳು. ನಾನು ಕಾಲೇಜು ಮೆಟ್ಟಿಲು ಹತ್ತಿ ಎರಡು ಪದವಿ ತಂದೆ, ಆದರೂ ಹೊಟ್ಟೆಕಿಚ್ಚಿನ ವಿಷಯವನ್ನು ಇಷ್ಟು ನೆಟ್ಟಗೆ ಹೇಳಿಕೊಟ್ಟವರು ಅಲ್ಲಿ ಯಾರೂ ಸಿಗಲಿಲ್ಲ. ಹಾಗಾಗಿ ಆಯಿ ಹೇಳಿದ ಹಾಗೇ ಹೇಳುತ್ತೇನೆ. ಹೊದಿಕೆ ಎಳೆದುಕೋ ಕೂಸೇ, ಕಾಲು ಆಡಿಸಬೇಡ, ನಡುನಡುವೆ ಹೂಂ ಅನ್ನು.

ಒಂದಾನೊಂದು ಕಾಲದಲ್ಲಿ, ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ, ಎರೆಮಣ್ಣು ಮುಗಿದು ಕಲ್ಲು ಮರಡಿ ಶುರುವಾಗುವ ಜಾಗದಲ್ಲಿ ಚನಮಲ್ಲಪ್ಪ ಅಂತ ಒಬ್ಬನಿದ್ದನಂತೆ. ಅವನಿಗೊಂದು ದ್ರಾಕ್ಷಿ ಪಡ, ಅಂದರೆ ತೋಟ, ಇತ್ತಂತೆ, ಕಾಶವ್ವ ಅಂತ ಹೆಂಡತಿ ಇದ್ದಳಂತೆ, ಮೂವರು ಹೆಣ್ಣುಮಕ್ಕಳಿದ್ದರಂತೆ. ಹಿರಿಯಳು ದಾನವ್ವ, ನಡುವಿನವಳು ಸಂಗವ್ವ, ಕಿರಿಯಳು ಮಾದೇವಿ. ದಾನವ್ವನಿಗೆ ಮಾದೇವಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತಂತೆ. ಸಂಗವ್ವನಿಗೆ ಯಾರ ಮೇಲೂ ಉರಿ ಇರಲಿಲ್ಲ, ಅವಳ ಮೇಲೂ ಯಾರಿಗೂ ಇರಲಿಲ್ಲ, ಅವಳ ಸಂಕಟವೇ ಅದಂತೆ.

ಉರಿ ಯಾಕೆ ಅಂತ ಕೇಳು. ದ್ರಾಕ್ಷಿ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಹಂದರದ ತುಂಬ ಎಲೆಯೇ. ದಸರೆ ಮುಗಿದ ಮೇಲೆ ಬಳ್ಳಿಯ ತುದಿ ಕತ್ತರಿಸಬೇಕು, ಅದಕ್ಕೆ ಚಾಟ್ನಿ ಅಂತಾರೆ. ಎಲ್ಲಿ ಬೇಕೋ ಅಲ್ಲಿ ಕತ್ತರಿಸಿದರೂ ಆಗುವುದಿಲ್ಲ. ಬಳ್ಳಿಯ ಉದ್ದಕ್ಕೂ ಚಿಗುರುವ ಗಂಟುಗಳಿರುತ್ತವೆ, ಅವಕ್ಕೆ ಕಣ್ಣು ಅಂತಾರೆ. ಬುಡದಿಂದ ಏಳು ಕಣ್ಣು ಎಣಿಸಿ ಅದರ ಮೇಲೆ ಕತ್ತರಿಸಿದರೆ ಗೊನೆ ಬರುತ್ತದೆ. ಎರಡನೇ ಕಣ್ಣಿಗೇ ಕತ್ತರಿಸಿದರೆ ಬರೀ ಎಲೆ, ಆ ವರ್ಷ ಆಡು ಮೇಯಿಸಿಕೊಂಡಿರಬೇಕು. ಚನಮಲ್ಲಪ್ಪನ ಮನೆಯಲ್ಲಿ ಪದ್ಧತಿ ಏನಪ್ಪಾ ಅಂದರೆ, ಕೈಗುಣ ಇದ್ದವರು ಮೊದಲ ಗಿಡಕ್ಕೆ ಕುಡುಗೋಲು ಹಚ್ಚಬೇಕು, ಮೊದಲ ಸಾಲು ಅವರೇ ಮುಗಿಸಬೇಕು. ಆಮೇಲೆ ಉಳಿದವರ ಕೆಲಸ.

ಮಾದೇವಿ ಅಂಬೆಗಾಲಿಡುವಾಗ ಒಂದು ಬಳ್ಳಿ ಹಿಡಿದು ಜಗ್ಗಿದ್ದಳಂತೆ, ಆ ವರ್ಷ ಆ ಗಿಡದಲ್ಲಿ ಗೊನೆಗೆ ಜಾಗ ಸಾಲಲಿಲ್ಲವಂತೆ. ಅಷ್ಟೇ ಸಾಕಾಯಿತು. ಕೂಸಿನ ಕೈಗುಣ ಭಾಳ ಚಲೋ ಅಂತ ಊರೇ ಹೇಳಿತು. ಮೊಸರಿಗೆ ಹೆಪ್ಪು ಹಾಕಲು ಮಾದೇವಿ, ಮಗ್ಗಕ್ಕೆ ನೂಲು ಹೂಡಲು ಮಾದೇವಿ, ಯಾರದೋ ಎಮ್ಮೆ ಈಯಲು ತಡ ಮಾಡಿದರೆ ಅದರ ಬೆನ್ನು ಸವರಲೂ ಮಾದೇವಿ. ಕೈ ಒರಟಾದೀತು ಅಂತ ಅವಳಿಗೆ ಮುಸುರೆ ತಿಕ್ಕಲು ಬಿಡುತ್ತಿರಲಿಲ್ಲ, ಬುಟ್ಟಿ ಹೊರಲು ಬಿಡುತ್ತಿರಲಿಲ್ಲ.

ಹಾಗಾದರೆ ಗೊಬ್ಬರ ಹೊರುವವರು ಯಾರು? ದಾನವ್ವ. ನೀರು ತಿರುಗಿಸುವವರು? ದಾನವ್ವ. ಅಪ್ಪನಿಗೆ ಕಣ್ಣು ಮಂಜಾಗುತ್ತ ಬಂದಿದ್ದರಿಂದ ಚಾಟ್ನಿಯ ಹಿಂದಿನ ದಿನ ಬಳ್ಳಿ ಬಳ್ಳಿಗೂ ಕಣ್ಣೆಣಿಸಿ, ಕತ್ತರಿಸುವ ಜಾಗಕ್ಕೆ ಸುಣ್ಣದ ಬೊಟ್ಟು ಇಡುವವಳೂ ಅವಳೇ. ಮಾದೇವಿ ಆ ಬೊಟ್ಟು ನೋಡಿ ಕುಡುಗೋಲು ಹಚ್ಚುವುದು, ಜನ ಆಹಾ ಅನ್ನುವುದು. ಒಂದು ಸಲ ದಾನವ್ವ ಕುಡುಗೋಲು ಎತ್ತಿಕೊಡಲು ಹೋದರೆ ಅಪ್ಪ, ಏ ದಾನವ್ವಾ, ಗೊಬ್ಬರದ ಕೈಲೆ ಅದನ್ನ ಮುಟ್ಟಬ್ಯಾಡವಾ ಅಂದನಂತೆ. ಅವನಿಗೇನೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಮಾತು ಅವಳ ಹೊಟ್ಟೆಯಲ್ಲಿ ಹಸಿ ಮೆಣಸಿನಕಾಯಿ ಹಾಗೆ ಕೂತಿತಂತೆ.

ಹೂಂ ಅಂದೆಯಾ? ಸರಿ.

ಮೊದಲನೇ ವರ್ಷ ದಾನವ್ವ ಏನು ಮಾಡಿದಳು? ಕೈಗುಣ ಅಂದರೆ ಮೊದಲು ಮುಟ್ಟುವುದು ತಾನೇ, ನಾನೇ ಮೊದಲು ಮುಟ್ಟುತ್ತೇನೆ ಅಂದುಕೊಂಡು, ಚಾಟ್ನಿಯ ದಿನ ಕೋಳಿ ಕೂಗುವ ಹೊತ್ತಿಗೇ ಎದ್ದು, ಹಿತ್ತಲ ಕುಡುಗೋಲು ತಗೊಂಡು, ಪಡದ ಕಟ್ಟಕಡೆಯ ಗಿಡದ ಒಂದು ಬಳ್ಳಿ ಕತ್ತರಿಸಿ, ಕತ್ತರಿಸಿದ ತುದಿಗೆ ಕೆಸರು ಮೆತ್ತಿ, ಏನೂ ಗೊತ್ತಿಲ್ಲದವಳ ಹಾಗೆ ಬಂದು ರೊಟ್ಟಿ ಬಡಿಯಲು ಕೂತಳಂತೆ. ಆಮೇಲೆ ಮಾದೇವಿ ಬಂದು ಪೂಜೆ ಮಾಡಿಸಿಕೊಂಡು ಮೊದಲ ಗಿಡ ಅಂದುಕೊಂಡು, ಲೆಕ್ಕದಲ್ಲಿ ಎರಡನೆಯದಾದ ಗಿಡ ಕತ್ತರಿಸಿದಳಂತೆ. ಆಮೇಲೆ ನೋಡು, ಶಿವರಾತ್ರಿ ಹೊತ್ತಿಗೆ ಎಂಥಾ ಬೆಳೆ ಬಂತು ಅಂದರೆ ಹಂದರದ ಕಂಬ ವಾಲಿದವಂತೆ. ಊರವರೆಲ್ಲ ಬಂದು ಮಾದೇವಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರಂತೆ. ಅದು ನಂದು, ನಂದು ಅಂತ ಮೂರು ಸಲ ದಾನವ್ವನ ಗಂಟಲಿಗೆ ಬಂದು ಮೂರು ಸಲವೂ ಒಳಗೇ ಹೋಯಿತಂತೆ. ಕದ್ದು ಮಾಡಿದ ಪುಣ್ಯವನ್ನು ಯಾರಿಗೆ ಅಂತ ಹೇಳುವುದು? ಪಕ್ಕದಲ್ಲಿ ಕೂತ ಸಂಗವ್ವ, ಯಾಕ ಅಕ್ಕಾ, ಹುಳಿ ಕಾಯಿ ತಿಂದಿಯೇನ, ಮುಖ ಹಂಗ್ಯಾಕ ಆಗ್ಯಾದ ಅಂತ ಕೇಳಿದಳಂತೆ.

ಎರಡನೇ ವರ್ಷ ದಾನವ್ವ ಇನ್ನೊಂದು ದಾರಿ ಹಿಡಿದಳು. ತನ್ನ ಕೈ ಏಳದಿದ್ದರೆ ಬೇಡ, ಅವಳ ಕೈ ಬೀಳಲಿ. ಸುಣ್ಣದ ಗಡಿಗೆ ಹಿಡಿದು ಹೋಗಿ ಮಾದೇವಿಯ ಸಾಲಿಗೆ ಮಾತ್ರ ಏಳನೇ ಕಣ್ಣು ಬಿಟ್ಟು ಎರಡನೇ ಕಣ್ಣಿಗೇ ಬೊಟ್ಟು ಇಟ್ಟಳಂತೆ. ಮಾದೇವಿ ಪಾಪ, ಬೊಟ್ಟು ಕಂಡಲ್ಲಿ ಕತ್ತರಿಸಿದಳು. ಅಪ್ಪನಿಗೆ ಕಾಣಲಿಲ್ಲ. ತಿಂಗಳು ಕಳೆಯಿತು, ಎಲ್ಲ ಸಾಲೂ ಗೊನೆ ಕಟ್ಟಿದವು, ಆ ಒಂದು ಸಾಲು ಎಲೆ ಬಿಟ್ಟುಕೊಂಡು ಹಸಿರಾಗಿ ನಗುತ್ತ ನಿಂತಿತಂತೆ. ಈಗ ಬೈಸಿಕೊಳ್ಳುತ್ತಾಳೆ ಈಗ ಬೈಸಿಕೊಳ್ಳುತ್ತಾಳೆ ಅಂತ ದಾನವ್ವ ಕಾದಿದ್ದೇ ಕಾದಿದ್ದು. ಆದರೆ ಆದದ್ದೇನು? ಅಯ್ಯ ನನ್ನ ಕೂಸಿಗೆ ದೃಷ್ಟಿ ಆಗ್ಯಾದ ಅಂತ ಕಾಶವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳಂತೆ. ಇನ್ನ ಮ್ಯಾಲ ಮಾದೇವಿ ಬಿಸಲಿಗೆ ಬರೂದು ಬ್ಯಾಡ ಅಂದನಂತೆ ಅಪ್ಪ. ಮನೆಯಲ್ಲಿ ಅವಳಿಗೆ ದಿನಾ ಹಾಲು, ಸಕ್ಕರೆ, ಹೊದೆಯಲು ಹೊಸ ಕೌದಿ. ಮತ್ತೆ ದಾನವ್ವನಿಗೆ? ಆ ಸಾಲಿಗೆ ನೀರು ಸರಿಯಾಗಿ ಬಿಟ್ಟಿಲ್ಲ ನೀ ಅಂತ ಬೈಗುಳ.

ನಗಬೇಡ ಕೂಸೇ, ನನಗೂ ಮೊದಲ ಸಲ ನಗು ಬಂದಿತ್ತು. ಆಯಿ ತೊಡೆ ಚಿವುಟಿದ್ದಳು.

ಮೂರನೇ ವರ್ಷ ದಸರೆಗೆ ಮುಂಚೆ ಚನಮಲ್ಲಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಹೇಳಿದನಂತೆ. ನನ್ನ ಕಣ್ಣು ಹ್ವಾದವು. ಈ ಸಲ ಚಾಟ್ನಿ ಮುಗಿದ ಮ್ಯಾಲ ಕುಡುಗೋಲ ಮಾದೇವಿ ಕೈಯಾಗ ಇಡತೀನಿ, ಆಕಿಗಿ ಮನೆ ಅಳಿಯನ್ನ ತರತೀನಿ, ಪಡ ಆಕಿದು. ದಾನವ್ವಗ ಜೋಳದ ಊರಿಂದ ಗಂಡು ಬಂದಾನ, ಚಲೋ ಮನಿ. ಸಂಗವ್ವಗ ಮುಂದಿನ ವರ್ಷ ನೋಡೂನು. ಸಂಗವ್ವ, ಗೊತ್ತಿತ್ತು ಬಿಡಪಾ ಅಂದಳಂತೆ. ದಾನವ್ವ ಎದ್ದು ಎತ್ತಿಗೆ ನೀರಿಡಲು ಹೋದಳಂತೆ.

ಜೋಳದ ಊರು ಅಂದರೆ ಕಣ್ಣು ಹಾಯಿಸಿದಷ್ಟೂ ಎರೆಹೊಲ, ಒಂದು ಹಂದರವಿಲ್ಲ. ಯಾವ ಗಿಡ ಯಾವ ವರ್ಷ ಮುನಿಸಿಕೊಂಡಿತ್ತು, ಯಾವುದಕ್ಕೆ ನೀರು ಹೆಚ್ಚಾದರೆ ಕಾಯಿ ಸೀಳುತ್ತದೆ, ಎಲ್ಲ ಬಲ್ಲವಳು ಅಲ್ಲಿ ಹೋಗಿ ಕಸ ತೆಗೆಯಬೇಕು. ಕಣ್ಣು ಎಣಿಸಲೂ ಬಾರದವಳು ಇಲ್ಲಿ ಯಜಮಾನಿ ಆಗಬೇಕು. ದಾನವ್ವನ ಉರಿ ಹೊಟ್ಟೆಯಿಂದ ಎದೆಗೆ, ಎದೆಯಿಂದ ತಲೆಗೆ ಏರಿತಂತೆ. ಚಾಟ್ನಿಯ ಹಿಂದಿನ ದಿನ ಗಡಿಗೆ ತುಂಬ ಸುಣ್ಣ ಕಲಸಿಕೊಂಡು ಹೋದಳಂತೆ. ಈ ಸಲ ಒಂದು ಸಾಲಲ್ಲ, ಇಡೀ ಪಡಕ್ಕೆ ಎರಡನೇ ಕಣ್ಣಿಗೇ ಬೊಟ್ಟು. ನನಗಿಲ್ಲದ ಪಡ ಯಾರಿಗೂ ಬ್ಯಾಡ. ಒಂದು ಸಾಲಾಯಿತು, ಹತ್ತಾಯಿತು, ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ಬೊಟ್ಟು ಇಟ್ಟಳು, ಇಟ್ಟಳು, ಇಟ್ಟಳಂತೆ.

ಕೊನೇ ಸಾಲಿನಲ್ಲಿ ಒಂದು ಗಿಡ ಇತ್ತಂತೆ. ದಾನವ್ವ ಏಳು ವರ್ಷದವಳಿದ್ದಾಗ ತಾನೇ ನೆಟ್ಟು, ಚಂಬಿನಲ್ಲಿ ನೀರು ಹೊತ್ತು ಬೆಳೆಸಿದ್ದು. ಅದರ ಹಣ್ಣು ಅಷ್ಟೇನೂ ಸಿಹಿ ಇರಲಿಲ್ಲ, ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರು. ಅದರ ಬಳ್ಳಿ ಹಿಡಿದಳು, ಬೆರಳು ತಾನೇ ಎಣಿಸುತ್ತ ಹೋಯಿತು, ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು. ಏಳಕ್ಕೆ ಬೊಟ್ಟು ಬಿತ್ತಂತೆ. ತಿದ್ದಿ ಎರಡಕ್ಕೆ ಇಡಲು ಹೋದರೆ ಬೆರಳು ಬಗ್ಗಲೊಲ್ಲದು. ಆಮೇಲೆ ತಿರುಗಿ ನೋಡಿದಳಂತೆ. ಇಡೀ ಪಡ ಬಿಳಿ ಬೊಟ್ಟು ಇಟ್ಟುಕೊಂಡು, ನಾಳೆ ಏನಾಗುತ್ತದೆ ಅಂತ ಗೊತ್ತಿಲ್ಲದೆ ನಿಂತಿತ್ತು. ದಾನವ್ವ ಅಲ್ಲೇ ಕೂತು ಅತ್ತಳು, ಆಮೇಲೆ ಎದ್ದು ಸೆರಗಿನಿಂದ ಬೊಟ್ಟು ಒರೆಸಲು ಹೊರಟಳು. ಸುಣ್ಣ ಒಣಗಿ ತೊಗಟೆಗೆ ಕಚ್ಚಿಕೊಂಡಿತ್ತು, ಹೋಗಲೊಲ್ಲದು. ಇನ್ನೇನು ಮಾಡುವುದು, ಏಳನೇ ಕಣ್ಣಿಗೂ ಒಂದೊಂದು ಬೊಟ್ಟು ಇಡುತ್ತ ಬಂದಳಂತೆ. ಹೊತ್ತು ಮುಳುಗುವಾಗ ನೋಡಿದರೆ ಬಳ್ಳಿಗೆ ಎರಡೆರಡು ಬೊಟ್ಟು.

ಮರುದಿನ ಬೆಳಗ್ಗೆ ನೆಂಟರು ಬಂದರು, ಜೋಳದ ಊರಿನ ಬೀಗರೂ ಬಂದರು, ಪೂಜೆ ಆಯಿತು. ಮಾದೇವಿ ಕುಡುಗೋಲು ಹಿಡಿದು ಮೊದಲ ಗಿಡದ ಮುಂದೆ ನಿಂತು ದಾನವ್ವನ ಕಡೆ ತಿರುಗಿದಳಂತೆ. ಅಕ್ಕಾ, ಇಲ್ಲಿ ಎರಡು ಬೊಟ್ಟು ಅದಾವ, ಯಾವುದಕ್ಕ ಹಚ್ಚಲಿ? ನೆಂಟರಲ್ಲಿ ಒಬ್ಬಳು, ಕೈಗುಣದಾಕಿಗೆ ಬೊಟ್ಟು ಯಾಕ ಬೇಕವಾ, ಕೈ ಎಲ್ಲಿ ಹೋಗ್ತದೋ ಅಲ್ಲಿ ಹಚ್ಚು ಅಂದಳಂತೆ. ಮಾದೇವಿಯ ಕೈ ಕೆಳಗೆ ಇಳಿಯಿತು. ಎರಡನೇ ಕಣ್ಣಿನ ಮೇಲೆ ಬಂದು ಕೂತಿತು.

ದಾನವ್ವ ಸುಮ್ಮನಿದ್ದರೆ ಸಾಕಾಗಿತ್ತು. ತಂಗಿಗೆ ಏನೂ ಬರುವುದಿಲ್ಲ ಅಂತ ತಿಂಗಳು ಕಳೆಯುವುದರೊಳಗೆ ಊರ ಮುಂದೆಯೇ ಬಯಲಾಗುತ್ತಿತ್ತು, ತಾನು ಮೂರು ವರ್ಷ ಬಯಸಿದ್ದೂ ಅದನ್ನೇ. ಕುಡುಗೋಲು ತೊಗಟೆಗೆ ತಾಗಿತು. ಬ್ಯಾಡ! ಅಂತ ಯಾರೋ ಕಿರುಚಿದರಂತೆ. ನೋಡಿದರೆ ದಾನವ್ವನೇ.

ಬ್ಯಾಡ, ಕೆಳಗಿಂದು ನನ್ನ ಹೊಟ್ಟೆಕಿಚ್ಚಿಂದು. ಮ್ಯಾಲಿಂದು ಗಿಡದ್ದು.

ಆಮೇಲೆ ಮೊದಲ ವರ್ಷದ ಕಳ್ಳ ಕತ್ತರಿಕೆಯಿಂದ ನಿನ್ನೆಯ ಗಡಿಗೆಯವರೆಗೆ ಒಂದೂ ಬಿಡದೆ ಹೇಳಿದಳಂತೆ. ಚನಮಲ್ಲಪ್ಪ ಮಂಜುಗಣ್ಣಿನಿಂದ ಅವಳ ದನಿ ಬಂದ ಕಡೆ ನೋಡಿ, ತಂಗಿ ಮ್ಯಾಲ ಸಿಟ್ಟಿದ್ದರ ತಂಗೀನ ಬಡಿಬೇಕಿತ್ತು, ಗಿಡ ಏನ ಮಾಡಿತ್ತವಾ ನಿನಗ ಅಂದನಂತೆ. ಅದಕ್ಕೆ ದಾನವ್ವ, ನೀರು ಕುಡದದ್ದು ನನ್ನ ಕೈಯಾಗ, ಹಣ್ಣು ಕೊಟ್ಟದ್ದು ಆಕಿ ಹೆಸರಿಗಿ, ಗಿಡಾನೂ ನಿಮ್ಮ ಕಡೆ ಆಗಿತ್ತು ಯಪ್ಪಾ ಅಂದಳಂತೆ. ಬೀಗರು ಎಲೆಯಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಚೆನ್ನಾಗಿ ಕೂತರಂತೆ.

ಆಗ ಮಾದೇವಿಗೆ ಸಿಟ್ಟು ಬಂತು. ಎಂಥಾ ಸಿಟ್ಟು ಅಂದರೆ ಕುಡುಗೋಲು ನೆಲಕ್ಕೆ ಹಾಕಿ ಅಳುತ್ತ ನಿಂತಳಂತೆ. ನನ್ನ ಕಂಡರ ಹೊಟ್ಟೆಕಿಚ್ಚೇನ ಅಕ್ಕಾ? ನನಗ ನಿನ್ನ ಕಂಡರ ಎಷ್ಟು ಉರೀತದ ಗೊತ್ತೇನ? ನೀ ಬಾವಿಗೆ ಇಳೀತಿ, ಎತ್ತ ಹೊಡೀತಿ, ಎಲ್ಲಾ ಗಿಡದ ಜೋಡಿ ಮಾತಾಡತಿ. ನಾ ಈ ಎರಡು ಕೈ ಎತ್ತಿಕೊಂಡು ದೇವರ ಮೂರ್ತಿಗತೆ ಕೂತೀನಿ. ಹ್ವಾದ ವರ್ಷ ಎಲೆ ಬಂದಾಗ ತಿಂಗಳಾನುಗಟ್ಲೆ ನಿದ್ದಿ ಬರಲಿಲ್ಲ ನನಗ, ಕೈ ಸತ್ತು ಹೋತು ಅಂತ ತಿಳಕೊಂಡಿದ್ದೆ. ಇಷ್ಟು ಹೇಳಿ ಸೀದಾ ಹೋಗಿ ಗೊಬ್ಬರದ ಬುಟ್ಟಿಯಲ್ಲಿ ಮೊಣಕೈತನಕ ಎರಡೂ ಕೈ ಅದ್ದಿ, ಎತ್ತಿ ಎಲ್ಲರಿಗೂ ತೋರಿಸಿ, ಹ್ವಾತು ಕೈಗುಣ, ಇನ್ನ ನನ್ನ ಬಿಡ್ರಿ ಅಂದಳಂತೆ. ಕಾಶವ್ವ ಅಯ್ಯಯ್ಯೋ ಅಂತ ಎದೆ ಬಡಿದುಕೊಂಡಳಂತೆ. ಸಂಗವ್ವ ಬಿದ್ದು ಬಿದ್ದು ನಕ್ಕಳಂತೆ.

ಆಮೇಲೆ ಅಪ್ಪ ಬಗ್ಗಿ ಕುಡುಗೋಲು ತಡವಿ ಎತ್ತಿಕೊಂಡ, ದಾನವ್ವಾ, ನಿನ್ನ ಕೈಯಾಗ ಗೊಬ್ಬರ ಅದ ಏನು ಅಂತ ಕೇಳಿದ. ಸುಣ್ಣ ಅದ ಯಪ್ಪಾ ಅಂದಳು. ಇರವಲ್ಲದ್ಯಾಕ, ಇರಲಿ ಬಿಡು, ಹಿಡಿ ಅಂತ ಕೊಟ್ಟನಂತೆ. ಆದರೆ ಸುಮ್ಮನೆ ಕೊಡಲಿಲ್ಲ. ಎಲೆಯಾಗಿ ಹೋದ ಸಾಲಿನ ಒಂದೊಂದು ಗಿಡದ ಬುಡದಲ್ಲೂ ತಂಗಿಯನ್ನು ಕೂಡಿಸಿಕೊಂಡು ಕಣ್ಣೆಣಿಸುವುದು ಕಲಿಸಬೇಕು, ಅವಳಿಗೆ ಬರುವತನಕ ನಿನಗೆ ಮದುವೆಯಿಲ್ಲ ಅಂದನಂತೆ. ಮಾದೇವಿ ಮೂರೇ ದಿನದಲ್ಲಿ ಕಲಿತಳು. ದಾನವ್ವನಿಗೆ ಅದಕ್ಕೂ ಒಂದಿಷ್ಟು ಉರಿಯಿತಂತೆ, ತನಗೆ ಮೂರು ತಿಂಗಳು ಹಿಡಿದಿತ್ತು.

ಜೋಳದ ಊರಿನ ವರನನ್ನು ಮನೆ ಅಳಿಯನಾಗಿ ಬರುತ್ತೀಯಾ ಅಂತ ಕೇಳಿದರು. ಅವನಿಗೆ ಐವರು ಅಣ್ಣಂದಿರು, ಊಟದ ಸಾಲಿನಲ್ಲಿ ಯಾವಾಗಲೂ ಕೊನೆಯವನು, ಕೇಳಿದ್ದೇ ತಡ ಹಾಸಿಗೆ ಸುತ್ತಿಕೊಂಡು ಬಂದನಂತೆ. ಮಾದೇವಿ ಗಾಡಿ ಕಟ್ಟಿಕೊಂಡು ಊರೂರಿಗೆ ಒಣದ್ರಾಕ್ಷಿ ಮಾರುವವನನ್ನು ಮದುವೆಯಾಗಿ, ಕೈ ತುಂಬ ಹಗ್ಗದ ಗೀರು ಮಾಡಿಕೊಂಡು ಸುಖವಾಗಿದ್ದಳಂತೆ. ಸಂಗವ್ವನನ್ನು ನಿನಗೇನು ಬೇಕು ಅಂತ ಮೊದಲ ಸಲ ಕೇಳಿದರಂತೆ. ಹಣ್ಣು ಒಣಗಿಸುವ ಮಾಳಿಗೆ ನನಗಿರಲಿ, ಅಲ್ಲಿಗೆ ನೀವಿಬ್ಬರೂ ಜಗಳ ತರಬ್ಯಾಡ್ರಿ ಅಂದಳಂತೆ, ಕೊಟ್ಟರಂತೆ.

ಉರಿ ಪೂರಾ ಆರಿತಾ ಅಂತ ನಾನು ಆಯಿಯನ್ನು ಕೇಳಿದ್ದೆ. ಎಲ್ಲಿ ಆರ್ತದ ಹುಚ್ಚಿ ಅಂದಳು. ಹೋಳಿ ಹಬ್ಬಕ್ಕೆ ಮಾದೇವಿ ತವರಿಗೆ ಬಂದಾಗ ಯಾರಾದರೂ ಮುದುಕಿ ಅವಳ ಕೈ ಹಿಡಿದರೆ ದಾನವ್ವ ಮುಖ ತಿರುವಿ ಪಡದ ಕಡೆ ಹೋಗಿ ಒಂದು ಸುತ್ತು ಹಾಕುತ್ತಿದ್ದಳಂತೆ. ತಿರುಗಿ ಬರುವಾಗ ಮಡಿಲಲ್ಲಿ ಚಲೋ ಚಲೋ ಗೊನೆ ಆರಿಸಿ ತಂದು ತಂಗಿಯ ಮುಂದೆ ಹಾಕಿ, ತಿನ್ನು ಅನ್ನುತ್ತಿದ್ದಳಂತೆ, ಸ್ವಲ್ಪ ಜೋರಾಗಿಯೇ.

ಇಲ್ಲಿಗೆ ಕತೆ ಹಂದರ ಇಳಿಯಿತು, ಅವರು ಅಲ್ಲಿ, ನಾವು ಇಲ್ಲಿ. ನಿದ್ದೆ ಬಂತಾ? ಪೂರ್ತಿ ಬರುವ ಮೊದಲು ಒಂದು ಮಾತು ಕೇಳು ಕೂಸೇ. ಇದನ್ನು ಇಟ್ಟುಕೊಳ್ಳಬೇಡ, ಯಾರಿಗಾದರೂ ಹೇಳು. ಯಾರಿಗೆ ಅಂತೀಯಾ? ಯಾರನ್ನು ಕಂಡರೆ ನಿನಗೆ ಹೊಟ್ಟೆ ಉರಿಯುತ್ತದೋ ಅವರನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ಹೇಳು.