ಘಾಟಿಯಲ್ಲಿ ದೂಮಣ್ಣ ಕಣ್ಣು ಮುಚ್ಚಿದ್ದು

ಘಾಟಿಯ ಬುಡದಲ್ಲಿ, ಹೊಳೆಯ ದಂಡೆಗೆ ತಾಗಿ, ಒಂದು ಗ್ಯಾರೇಜಿತ್ತು. ಅದಕ್ಕೆ ಬೋರ್ಡು ಇರಲಿಲ್ಲ.

ಊರವರು ಅದನ್ನು ಆಶ್ರಮ ಎಂದು ಕರೆಯುತ್ತಿದ್ದರು. ಬಂದವರೆಲ್ಲ ಕಷ್ಟ ಹೇಳಿಕೊಂಡೇ ಬರುತ್ತಿದ್ದರು, ಯಜಮಾನ ದೂಮಣ್ಣ ಹೆಚ್ಚು ಮಾತಾಡುತ್ತಿರಲಿಲ್ಲ, ಕಾಣಿಕೆ ಕೊಡದೆ ಯಾರೂ ಹೊರಗೆ ಹೋಗುವಂತಿರಲಿಲ್ಲ.

ಬೋರ್ಡಿಲ್ಲದೆ ಅಂಗಡಿ ನಡೆಸುವವನು ಒಂದೋ ದಡ್ಡ, ಇಲ್ಲವೇ ಬೋರ್ಡೇ ಬೇಡದಷ್ಟು ಕೆಲಸ ಬಲ್ಲವನು. ದೂಮಣ್ಣ ದಡ್ಡರಲ್ಲ.

ಅವರ ಶಿಷ್ಯೆ ಹಿಲ್ಡಾಳಿಗೆ ಮಾತ್ರ ಬೋರ್ಡು ಬೇಕಿತ್ತು. ಬರೆಸಿಯೂ ಆಗಿತ್ತು. ಹಳದಿಯ ಮೇಲೆ ಕೆಂಪು ಅಕ್ಷರ: ಹಿಲ್ಡಾ ಆಟೋ ವರ್ಕ್ಸ್. ಘಾಟಿಯ ಮೇಲಿನ ಪೇಟೆಯಲ್ಲಿ ಒಂದು ಕೋಣೆಯನ್ನೂ ನೋಡಿಟ್ಟಿದ್ದಳು. ಬೋರ್ಡು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅವಳ ಮಂಚದಡಿ ಮಲಗಿತ್ತು.

ಅದು ಏಳಬೇಕಾದರೆ ದೂಮಣ್ಣ ಮಲಗಬೇಕಿತ್ತು.

ಆಶ್ರಮದ ಕಟ್ಟಳೆ ಅದು. ಶಿಷ್ಯರು ಒಂದು ದೊಡ್ಡ ಕೆಲಸವನ್ನು ತಾವೇ ಮಾಡಬೇಕು. ಆ ಗಾಡಿಯಲ್ಲಿ ಗುರುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತಬೇಕು. ಬುಡದಲ್ಲಿ ದೂಮಣ್ಣ ಕಣ್ಣು ಮುಚ್ಚುತ್ತಾರೆ. ತುದಿಯ ಚಾ ಅಂಗಡಿ ಬರುವವರೆಗೆ ಆ ಕಣ್ಣು ತೆರೆಯದಿದ್ದರೆ ಶಿಷ್ಯರು ಸ್ವತಂತ್ರರು. ನಡುವೆ ತೆರೆದರೆ ಮತ್ತೆ ಡೀಸೆಲಿನಲ್ಲಿ ನಟ್ಟು ಬೋಲ್ಟು ತೊಳೆಯುವುದು.

ಒಂದು ದಿನ ಮಾಧವ ಕಿಣಿಯವರು ತಮ್ಮ ಗಾಡಿಯನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಹೊಸ ಗಾಡಿ, ಟರ್ಬೊ, ಅದರ ಮೇಲೆ ಆಟೋಮ್ಯಾಟಿಕ್. ಕಿಣಿಯವರದು ಗೇರುಬೀಜದ ವ್ಯಾಪಾರ. ಗೇರು ಮಾರುವವರಿಗೆ ಗೇರು ಹಾಕುವ ಕೆಲಸ ತಪ್ಪಿತು ಎಂದು ಊರಲ್ಲಿ ತಮಾಷೆ.

"ಬುಡದಲ್ಲಿ ಹುಲಿ, ದೂಮಣ್ಣ. ನಾಲ್ಕು ತಿರುವು ಹತ್ತಿದ ಮೇಲೆ ಬೆಕ್ಕು. ನಿನ್ನೆ ಮಧ್ಯಾಹ್ನದ ಬಿಸಿಲಿಗೆ ಒಬ್ಬ ಜಲ್ಲಿ ಲಾರಿಯವ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿದ. ಜಲ್ಲಿ ಲಾರಿ, ಮಾರಾಯ್ರೆ!"

ದೂಮಣ್ಣ ಹಿಲ್ಡಾಳ ಕಡೆ ನೋಡಿದರು.

ಆ ನೋಟದ ಅರ್ಥ ಅವಳಿಗೆ ಗೊತ್ತಿತ್ತು. ಕೆಲಸ ನಿನ್ನದು.

"ಇಂಟರ್‌ಕೂಲರ್!" ಎಂದಳು, ಉಸಿರು ತೆಗೆದುಕೊಳ್ಳದೆ.

"ಅದೆಂತದು?" ಎಂದರು ಕಿಣಿಯವರು.

"ಸೈಕಲಿಗೆ ಪಂಪು ಹೊಡೆದಿದ್ದೀರಾ?"

"ಹೊಡೆಯದೆ ಮತ್ತೆ?"

"ಪಂಪಿನ ಬುಡ ಬಿಸಿ ಆಗ್ತದಲ್ಲ? ಟರ್ಬೊ ಅಂದ್ರೆ ಅದೇ. ಇಂಜಿನ್ನಿಗೆ ಗಾಳಿ ಒತ್ತಿ ತುಂಬಿಸ್ತದೆ. ಒತ್ತಿದ ಗಾಳಿ ಬಿಸಿ. ಬಿಸಿ ಗಾಳಿಯಲ್ಲಿ ದಮ್ಮಿಲ್ಲ. ಅದನ್ನು ತಣ್ಣಗೆ ಮಾಡುವ ಜಾಲಿಯೇ ಇಂಟರ್‌ಕೂಲರ್. ಕಂಪನಿಯವರು ಇಟ್ಟದ್ದು ಅಂಗೈಯಷ್ಟು. ನಾನು ಬಾಗಿಲಿನಷ್ಟು ಹಾಕ್ತೇನೆ!"

"ಹಾಕು! ಬಾಗಿಲಿನಷ್ಟೇ ಹಾಕು!" ಕಿಣಿಯವರಿಗೂ ಹುಚ್ಚು ಹತ್ತಿತು.

"ಬಾಗಿಲು ಮುಚ್ಚಿದ್ರೆ ಒಳಗಿದ್ದವರು ಎಂತ ಮಾಡ್ತಾರೆ?" ಎಂದರು ದೂಮಣ್ಣ.

ಹಿಲ್ಡಾ ನಕ್ಕಳು. "ಒಳಗೆ ಯಾರುಂಟು ದೂಮಣ್ಣ? ಇಂಜಿನ್ನು ಮಾತ್ರ."

ದೂಮಣ್ಣ ಹೊಳೆಯ ಕಡೆ ತಿರುಗಿ ಕೂತರು.

ಪಾರ್ಸೆಲು ಬಂತು. ಹೊದಿಕೆ ಹರಿದರೆ ಒಳಗೆ ಬೆಳ್ಳಿಯಂಥ ಜಾಲಿ! ಹಿಲ್ಡಾಳಿಗೆ ಅಂದು ಊಟ ರುಚಿಸಲಿಲ್ಲ.

ಬಂಪರು ಬಿಚ್ಚಿದಳು. ಹಳೆಯದನ್ನು ತೆಗೆದಳು. ಹೊಸದು ಗಾಡಿಯ ಮೂತಿಯ ತುಂಬ ಕೂತಿತು, ಮದುಮಗನಿಗೆ ಹಾರ ಹಾಕಿದ ಹಾಗೆ. ಅಲ್ಯೂಮಿನಿಯಂ ಪೈಪುಗಳನ್ನು ಅಳೆದು ಕೊಯ್ದಳು, ನೀಲಿ ಹೋಸುಗಳನ್ನು ತೊಡಿಸಿ ಕ್ಲಾಂಪು ಬಿಗಿದಳು. ಗಾಳಿ ತುಂಬಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

ಕೆಲಸದಲ್ಲಿ ಕೊರತೆ ಎನ್ನುವಂಥದ್ದು ಏನೂ ಇರಲಿಲ್ಲ. ನೆಲದ ಮೇಲೆ ಎರಡು ಕಪ್ಪು ಪ್ಲಾಸ್ಟಿಕ್ ಹಾಳೆಗಳು ಮಾತ್ರ ಉಳಿದಿದ್ದವು.

ದೂಮಣ್ಣ ಒಂದನ್ನು ಎತ್ತಿಕೊಂಡರು. "ಇದೆಂತದು?"

"ಅದಕ್ಕೆ ಈಗ ಜಾಗ ಇಲ್ಲ ದೂಮಣ್ಣ. ಜಾಲಿಯ ಎರಡು ಬದಿಗೆ ಇತ್ತು. ಕಂಪನಿಯವರು ಚಂದಕ್ಕೆ ಇಟ್ಟದ್ದು."

"ಚಂದಕ್ಕೆ? ಬಂಪರಿನ ಹಿಂದೆ?"

ಸ್ಕ್ರೂ ಒಂದು ಉಳಿದರೂ ಲಾಭ ಎನ್ನುವ ಕಂಪನಿ, ಯಾರಿಗೂ ಕಾಣದ ಜಾಗದಲ್ಲಿ ಪ್ಲಾಸ್ಟಿಕ್ ದಾನ ಮಾಡುವುದಿಲ್ಲ. ಆದರೆ ಖುಷಿಯಲ್ಲಿದ್ದವರ ಕಿವಿಗೆ ಇಂಥ ಲೆಕ್ಕ ಬೀಳುವುದಿಲ್ಲ. ಹಿಲ್ಡಾ ಆಗಲೇ ಚಾವಿ ಹಿಡಿದಿದ್ದಳು.

ದೂಮಣ್ಣ ಆ ಹಾಳೆಯಿಂದ ಗಾಳಿ ಹಾಕಿಕೊಳ್ಳತೊಡಗಿದರು.

ಹೊಳೆದಂಡೆಯ ಸಪಾಟು ರಸ್ತೆಯಲ್ಲಿ ಗಾಡಿ ಹಾರಿತು. ಕಾಲಿಟ್ಟರೆ ಸುಂಯ್ ಎನ್ನುತ್ತಿತ್ತು, ತೆಗೆದರೆ ಹುಸ್ ಎನ್ನುತ್ತಿತ್ತು. ಹಿಂದೆ ಕೂತ ಕಿಣಿಯವರು ಸೀಟಿಗೆ ಅಂಟಿಕೊಂಡು, "ಅಯ್ಯಯ್ಯೋ! ಇನ್ನೊಮ್ಮೆ! ಇನ್ನೊಮ್ಮೆ!" ಎಂದು ಕೂಗಿದರು.

ಹಿಲ್ಡಾ ವಾಪಸು ಬಂದು ಗುರುವಿನ ಮುಂದೆ ನಿಂತಳು. ಮುಖ ಕೆಂಪಾಗಿತ್ತು.

"ದೂಮಣ್ಣ, ನಾಳೆ ಬೆಳಿಗ್ಗೆ ಘಾಟಿ ಹತ್ತುವನಾ?"

"ಬೆಳಿಗ್ಗೆ ಎಲ್ಲ ಗಾಡಿಯೂ ಒಳ್ಳೆಯದೇ. ಈಗ ಹತ್ತುವ."

ನಡುಮಧ್ಯಾಹ್ನ. ಡಾಂಬರು ಮೆತ್ತಗಾಗುವ ಬಿಸಿಲು. ದೂಮಣ್ಣ ಮುಂದಿನ ಸೀಟು ತುಂಬಿ ಕೂತರು. ಎರಡು ಅಕ್ಕಿಮೂಟೆ ಒಟ್ಟಿಗೆ ಇಟ್ಟ ಹಾಗಿನ ಆಳು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಬೀಸಣಿಗೆ.

ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿದರು.

ಗಾಡಿ ಹತ್ತಿತು. ಹೇಗೆ ಹತ್ತಿತು! ಬಸ್ಸುಗಳು ಏದುಸಿರು ಬಿಡುವ ಏರಿನಲ್ಲಿ ಅದು ಗುನುಗಿಕೊಂಡು ಹೋಯಿತು. ಬೆಕ್ಕಾಗುತ್ತಿದ್ದ ಜಾಗದಲ್ಲಿ ಹುಲಿಯಾಗಿಯೇ ಉಳಿಯಿತು. ಕಿಣಿಯವರು ಹಿಂದಿನಿಂದ ಫೋನು ಹಚ್ಚಿದರು.

"ಭಾವಾ! ಕೇಳು, ಶಬ್ದ ಕೇಳು! ಅಲ್ಲ, ವಿಮಾನ ಅಲ್ಲ, ನನ್ನ ಗಾಡಿ!"

ಹಿಲ್ಡಾ ಓರೆಗಣ್ಣಿನಲ್ಲಿ ನೋಡಿದಳು. ದೂಮಣ್ಣನ ಕಣ್ಣು ಮುಚ್ಚಿಯೇ ಇತ್ತು. ಮನಸ್ಸಿನಲ್ಲಿ ಅವಳು ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದಳು.

ಆಗ ವಾಸನೆ ಬಂತು.

ಹಪ್ಪಳ ಕರಿದು ಒಲೆಯ ಮೇಲೆ ಮರೆತ ಬಾಣಲೆಯ ವಾಸನೆ. ತೆಳುವಾಗಿ, ಬಂದೂ ಬಾರದ ಹಾಗೆ.

ಮುಂದಿನ ತಿರುವಿನಲ್ಲಿ ಗಾಡಿ ಒಮ್ಮೆ ಜಗ್ಗಿತು. ಸ್ಟಿಯರಿಂಗಿನ ಹಿಂದೆ ಒಂದು ಸಣ್ಣ ಹಳದಿ ದೀಪ ಹತ್ತಿಕೊಂಡಿತು. ಗೇರ್ ಬಾಕ್ಸ್ ಕಾದಿದೆ.

ಮೇಲೆ ಚಾ ಅಂಗಡಿಯ ನೀಲಿ ತಗಡು ಕಾಣುತ್ತಿತ್ತು. ಎರಡೇ ತಿರುವು.

ಹಿಲ್ಡಾಳ ತಲೆ ಇಂಜಿನ್ನಿಗಿಂತ ಜೋರಾಗಿ ಓಡಿತು. ಎರಡು ತಿರುವು ಹೇಗಾದರೂ ಎಳೆಯಬಹುದು. ಕಿಣಿಯವರು ಭಾವನ ಜೊತೆ ಇದ್ದಾರೆ. ದೂಮಣ್ಣ ಕಣ್ಣು ಬಿಟ್ಟಿಲ್ಲ. ಬೋರ್ಡು ಏಳುತ್ತದೆ. ಆಮೇಲೆ ಗಾಡಿ ಬಿಚ್ಚಿ ಸದ್ದಿಲ್ಲದೆ ಸರಿಮಾಡಿದರಾಯಿತು. ಯಾರಿಗೆ ಗೊತ್ತಾಗುತ್ತದೆ?

ದೀಪ ಕೆಂಪಾಯಿತು.

ಅವಳು ಇಂಡಿಕೇಟರ್ ಹಾಕಿ, ತಡೆಗೋಡೆಯ ಬದಿಗೆ ಗಾಡಿ ನಿಲ್ಲಿಸಿದಳು.

"ಎಂತ ಮಾರಾಯ್ತಿ! ಭಾವ ಲೈನಲ್ಲಿ ಇದ್ದಾನೆ!" ಎಂದರು ಕಿಣಿಯವರು.

ದೂಮಣ್ಣ ಕಣ್ಣು ಮುಚ್ಚಿಕೊಂಡೇ ಕೇಳಿದರು. "ತುದಿ ಬಂತಾ?"

"ಇಲ್ಲ."

"ಮತ್ತೆ?"

"ಗೇರ್ ಬಾಕ್ಸ್ ಕಾದಿದೆ. ಇನ್ನು ಎಳೆದ್ರೆ ಕಿಣಿಯವರ ಗಾಡಿ ಹೋಗ್ತದೆ. ತಪ್ಪು ನನ್ನದು."

"ನಾನು ಕಣ್ಣು ತೆರೆಯಲಿಲ್ಲವಲ್ಲ."

"ತೆರೆಯಿರಿ ದೂಮಣ್ಣ. ತೆರೆದು ನೋಡಿ."

ಅವರು ತೆರೆದರು. ಆಗಲೇ ಅವಳಿಗೆ ಕಂಡದ್ದು: ದೂಮಣ್ಣನ ಬಲಗೈ ಹ್ಯಾಂಡ್ ಬ್ರೇಕಿನ ಮೇಲಿತ್ತು.

ಇಂಜಿನ್ನು ನಿಲ್ಲಿಸದೆ, ಎಣ್ಣೆ ಓಡಾಡಿ ತಣಿಯಲಿ ಎಂದು ಬಿಟ್ಟು, ಮೂವರೂ ಕೆಳಗಿಳಿದರು. ಕಿಣಿಯವರು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದರು. "ಹೊಸ ಗಾಡಿ! ಹೊಸದು!" ಭಾವ ಫೋನಿನಲ್ಲಿ ನಗುತ್ತಿರುವುದು ಹೊರಗೆ ಕೇಳುತ್ತಿತ್ತು.

"ತಣ್ಣಗೆ ಮಾಡ್ಲಿಕ್ಕೆ ಹಾಕಿದ್ದು ದೂಮಣ್ಣ. ಬಿಸಿ ಎಲ್ಲಿಂದ ಬಂತು?"

ಕಣಿವೆಯಿಂದ ತಣ್ಣನೆ ಗಾಳಿ ಏರಿ ಬರುತ್ತಿತ್ತು. ದೂಮಣ್ಣ ತಡೆಗೋಡೆಯ ಮೇಲೆ ಅದಕ್ಕೆ ಎದೆಕೊಟ್ಟು ಕೂತರು.

"ಬಾ. ನನ್ನ ಬೆನ್ನ ಹಿಂದೆ ಕೂತ್ಕೋ."

ಕೂತಳು.

"ಆಹಾ, ಎಂಥ ಗಾಳಿ!" ಎಂದರು ದೂಮಣ್ಣ. "ನಿನಗೆ ಬರ್ತದಾ?"

"ಎಲ್ಲಿಂದ ಬರ್ತದೆ? ನೀವು ಅಡ್ಡ ಕೂತಿದ್ದೀರಲ್ಲ!"

ಅಷ್ಟು ಹೇಳಿ ಹಿಲ್ಡಾ ಮರುಕ್ಷಣ ಎದ್ದು ಗಾಡಿಯ ಮೂತಿಯ ಹತ್ತಿರ ಓಡಿದಳು. ಗ್ರಿಲ್ಲಿನ ಸಂದಿಯಲ್ಲಿ ಕಣ್ಣಿಟ್ಟಳು.

ಬೆಳ್ಳಿ ಬಾಗಿಲು. ಬಾಗಿಲಿನ ಹಿಂದೆ, ಉಸಿರುಕಟ್ಟಿ ಕೂತ ಇನ್ನೊಂದು ಪುಟ್ಟ ಜಾಲಿ. ಗೇರ್ ಬಾಕ್ಸಿನ ಎಣ್ಣೆ ತಣಿಸುವ ಜಾಲಿ.

"ಒಳಗೆ ಇವನಿದ್ದ!" ಎಂದು ಕೂಗಿದಳು. "ದೂಮಣ್ಣ, ಇವನನ್ನೇ ನಾನು ಮರೆತದ್ದು! ಬಲ ಹೆಚ್ಚು ಮಾಡಿದೆ, ಅದನ್ನು ಹೊರುವವನ ಗಾಳಿ ಕಿತ್ತುಕೊಂಡೆ!"

ಸೋತವರು ಹಾಗೆ ಕುಣಿಯುವುದನ್ನು ಕಿಣಿಯವರು ಎಲ್ಲೂ ಕಂಡಿರಲಿಲ್ಲ.

ಗಾಡಿಯನ್ನು ಮೆಲ್ಲಗೆ ಇಳಿಸಿ ತಂದರು. ಹಿಲ್ಡಾ ಬಾಗಿಲನ್ನು ಬಿಚ್ಚಿ ಗೋಡೆಗೆ ಒರಗಿಸಿದಳು. ಕಿಟಕಿಯಷ್ಟು ದೊಡ್ಡದನ್ನು ತರಿಸಿದಳು. ನಷ್ಟ ತನ್ನದೇ ಎಂದಳು. ದೂಮಣ್ಣ ಬೇಡ ಎನ್ನಲಿಲ್ಲ.

"ಸಣ್ಣದಾಯ್ತಲ್ಲ?" ಎಂದರು ಕಿಣಿಯವರು. "ಬಾಗಿಲು ಅಂತ ಭಾವನಿಗೆ ಹೇಳಿ ಆಗಿದೆ."

"ಭಾವನನ್ನು ಘಾಟಿಗೆ ಕರೆಯಿರಿ ಕಿಣಿಯವ್ರೆ. ಬಾಗಿಲು ತೋರಿಸುವ ಬದಲು ಗಾಡಿಯ ಬೆನ್ನು ತೋರಿಸಿ."

ಹೊಸ ಜಾಲಿಯನ್ನು ಕೆಳಗೆ ಕೂರಿಸಿದಳು. ಎಣ್ಣೆಯ ಪುಟ್ಟ ಜಾಲಿಯನ್ನು ಅದರ ಬೆನ್ನಿನಿಂದ ಬಿಡಿಸಿ, ಬಂಪರಿನ ಮೂಲೆಯಲ್ಲಿ ಅದಕ್ಕೇ ಬೇರೆ ಗಾಳಿ ಸಿಗುವಲ್ಲಿ ಇಟ್ಟಳು. ಗೇರ್ ಬಾಕ್ಸಿಗೆ ಹೊಸ ಎಣ್ಣೆ ಹಾಕಿದಳು. ಕಪ್ಪು ಹಾಳೆಯನ್ನು ಅಳತೆಗೆ ಕೊಯ್ದು ಒಂದು ಬದಿಗೆ ಸಿಕ್ಕಿಸಿದಳು. ಇನ್ನೊಂದಕ್ಕಾಗಿ ಹುಡುಕಿದಳು.

ದೂಮಣ್ಣ ಗಾಳಿ ಹಾಕಿಕೊಳ್ಳುತ್ತಿದ್ದರು.

"ಅದು ಕೊಡಿ ದೂಮಣ್ಣ."

"ಚಂದಕ್ಕಾ?"

"ಬಂದ ಗಾಳಿ ಬದಿಯಿಂದ ತಪ್ಪಿಸಿಕೊಳ್ಳದೆ ಜಾಲಿಯೊಳಗೇ ಹೋಗ್ಲಿಕ್ಕೆ!" ಎಂದು ಕಿತ್ತುಕೊಂಡಳು.

ಮತ್ತೆ ನಡುಮಧ್ಯಾಹ್ನ. ಅದೇ ಬಿಸಿಲು. ಮೊದಲ ತಿರುವಿನಲ್ಲಿ ದೂಮಣ್ಣ ಕಣ್ಣು ಮುಚ್ಚಿದರು. ಈ ಸಲ ಕೈಯಲ್ಲಿ ಬೀಸಣಿಗೆ ಇರಲಿಲ್ಲ.

ಹಿಲ್ಡಾ ಮೂಗು, ಕಿವಿ, ಅಂಗಾಲು ಎಲ್ಲವನ್ನೂ ಗಾಡಿಗೆ ಕೊಟ್ಟು ಓಡಿಸಿದಳು. ವಾಸನೆ ಇಲ್ಲ. ಜಗ್ಗಾಟ ಇಲ್ಲ. ದೀಪ ಇಲ್ಲ. ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ಗೇರು ಬದಲಾಗುತ್ತಿತ್ತು.

ನಡುಘಾಟಿಯಲ್ಲಿ ಮುಂದೊಂದು ಲಾರಿ ಕಂಡಿತು. ಹಿಂದಿನಿಂದ ಜಲ್ಲಿಯ ಧೂಳು.

"ಅವನೇ!" ಕಿಣಿಯವರು ಸೀಟಿನಿಂದ ಎದ್ದೇಬಿಟ್ಟರು. "ಅವನೇ ಮಾರಾಯ್ತಿ! ಹೋಗು! ಹಾರ್ನ್ ಹೊಡಿ!"

"ತಿರುವು ದಾಟಲಿ ಕಿಣಿಯವ್ರೆ."

"ದಾಟಿತು! ಹೊಡಿ! ಹೊಡಿ!"

ರಸ್ತೆ ತೆರೆಯಿತು. ಎದುರು ಯಾರೂ ಇಲ್ಲ. ಹಿಲ್ಡಾ ಕಾಲು ಒತ್ತಿದಳು. ಸುಂಯ್ ಎಂದದ್ದು ಟರ್ಬೊವೋ, ಅವಳ ಎದೆಯೋ, ಲಾರಿ ಕನ್ನಡಿಯೊಳಗೆ ಸಣ್ಣದಾಯಿತು. ಹಾರ್ನು ಮಾತ್ರ ಕಿಣಿಯವರು ಹಿಂದಿನಿಂದ ಕೈಚಾಚಿ ತಾವೇ ಒತ್ತಿದರು.

ಕಳೆದ ಸಲ ಗಾಡಿ ನಿಲ್ಲಿಸಿದ್ದ ತಡೆಗೋಡೆ ಬಂತು, ಹೋಯಿತು. ಆಮೇಲಿನ ಎರಡು ತಿರುವು ಯಾವಾಗ ಮುಗಿದವೋ ತಿಳಿಯಲಿಲ್ಲ. ನೀಲಿ ತಗಡಿನ ನೆರಳಿನಲ್ಲಿ ಗಾಡಿ ನಿಂತಿತು.

ಕಿಣಿಯವರು ಹಾರಿ ಇಳಿದು, ಲಾರಿ ಬರುವ ದಾರಿ ಕಾಯುತ್ತ ರಸ್ತೆಬದಿಯಲ್ಲಿ ನಿಂತರು.

"ದೂಮಣ್ಣ, ತುದಿ ಬಂತು."

ದೂಮಣ್ಣ ಕಣ್ಣು ತೆರೆಯಲಿಲ್ಲ. "ಬೋರ್ಡು ಡಿಕ್ಕಿಯಲ್ಲಿ ಉಂಟಾ?"

ಹಿಲ್ಡಾ ಯಾರಿಗೂ ಹೇಳಿರಲಿಲ್ಲ. ಕಿವಿಯವರೆಗೂ ಕೆಂಪಾದಳು.

"ಉಂಟು."

"ಮಳೆ ಹೊಡೆಯದ ಬದಿಗೆ ಹಾಕು. ಕೆಂಪು ಬಣ್ಣ ಬೇಗ ಹೋಗ್ತದೆ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದು ಕೇಳಿದಳು.

"ಬಾಗಿಲು ಅಂದ ದಿನವೇ ನಿಮಗೆ ಗೊತ್ತಿತ್ತು. ಆವತ್ತು ವಾಸನೆಯೂ ಗೊತ್ತಾಗಿತ್ತು, ಕೈ ಬ್ರೇಕಿನ ಮೇಲೆ ಇತ್ತು. ನಿದ್ದೆ ಇಲ್ಲ, ಎಂತ ಇಲ್ಲ. ಮತ್ತೆ ಕಣ್ಣು ಮುಚ್ಚಿ ಕೂತದ್ದು ಎಂತಕ್ಕೆ ದೂಮಣ್ಣ?"

ದೂಮಣ್ಣ ಕಣ್ಣು ತೆರೆದರು. ಹೊರಗೆ ಜಲ್ಲಿ ಲಾರಿ ಬರುತ್ತಿತ್ತು. ಕಿಣಿಯವರು ಎರಡೂ ಕೈ ಎತ್ತಿ ಬೀಸುತ್ತಿದ್ದರು.

"ಗಿರಾಕಿ ಯಾವತ್ತೂ ಕಣ್ಣು ಮುಚ್ಚಿಯೇ ಕೂತಿರ್ತಾನೆ, ಮಾರಾಯ್ತಿ."