ಮೂಕರ ಕಣ

ಡೋಣಿ ಹೊಳೆಯ ದಂಡೆಯಿಂದ ಬಡಗಣಕ್ಕೆ ತಿರುಗುವ ಗಾಡಿದಾರಿಯಲ್ಲಿ, ಕರಿಮಣ್ಣಿನ ಎರೆಹೊಲಗಳ ನಡುವೆ, ಕಿರುಸಂಬಾಳವೆಂಬ ಸಣ್ಣ ಊರಿದೆ. ಊರಿಗಿಂತ ಊರ ಮುಂದಿನ ಹಾಸುಬಂಡೆಯೇ ದೊಡ್ಡದು ಎಂದು ನೆರೆಯವರು ಹಾಸ್ಯ ಮಾಡುವುದುಂಟು. ಅದರಲ್ಲಿ ಸುಳ್ಳೇನೂ ಇಲ್ಲ. ನೆಲದಿಂದ ಮೊಣಕಾಲೆತ್ತರ ಎದ್ದು, ಮೂಡಲಿಂದ ಪಡುವಲಿಗೆ ತುಸು ಇಳಿಜಾರಾಗಿ ಹರಡಿಕೊಂಡಿರುವ ಈ ಕರಿಬಂಡೆಯ ಮೇಲೆ ಅಲ್ಲಲ್ಲಿ ಗುಂಡನೆಯ ಕುಳಿಗಳಿವೆ. ಎತ್ತುಗಳನ್ನು ಸುತ್ತಿಸಿ ತೆನೆ ತುಳಿಸುವಾಗ ನಡುವೆ ನಿಲ್ಲಿಸುತ್ತಿದ್ದ ಮೇಟಿಗಂಬದ ಕುಳಿಗಳವು. ಈಗ ಅವುಗಳಲ್ಲಿ ಮಳೆನೀರು ನಿಂತು ಗುಬ್ಬಿಗಳು ಮೀಯುತ್ತವೆ. ಬಂಡೆಗೆ ಮೂಕರ ಕಣ ಎಂದು ಹೆಸರು. ಮಾತು ಬಾರದವರ ಮನೆತನವೊಂದು ಇಲ್ಲಿ ಇದ್ದಿರಬೇಕೆಂದು ಹೊಸಬರು ಊಹಿಸುತ್ತಾರೆ, ಊರಿನವರು ತಿದ್ದುವ ಗೋಜಿಗೆ ಹೋಗುವುದಿಲ್ಲ. ಕೂತು ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಹಿಂದೆ ಒಮ್ಮೆ, ಊರಿನ ಜೋಳವೆಲ್ಲ ಈ ಬಂಡೆಯ ಮೇಲೆಯೇ ರಾಶಿಯಾಗುತ್ತಿದ್ದ ಕಾಲದಲ್ಲಿ, ಕಣಕ್ಕೊಂದು ಕಟ್ಟಳೆಯಿತ್ತು ಎನ್ನುತ್ತಾರೆ. ತೂರಲು ಎತ್ತಿದ ಮೊದಲ ಬುಟ್ಟಿಯಿಂದ ಹಿಡಿದು, ಪೂಜೆ ಮುಗಿಸಿ ಕೊಳಗದಲ್ಲಿ ಅಳೆಯುತ್ತ ಒಂದು ಎನ್ನುವ ಬದಲು ‘ಲಾಭ’ ಎಂದು ಎಣಿಕೆ ಶುರುಮಾಡುವ ತನಕ ಕಣದಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಮಾತಿನ ಸದ್ದಿಗೆ ರಾಶಿಯ ಹುಲುಸು ಎದ್ದುಹೋಗುತ್ತದೆಂದು ನಂಬಿಕೆ. ಬಾಯಾರಿದರೆ ಸನ್ನೆ, ಚೇಳು ಕಡಿದರೂ ಸನ್ನೆ. ಶಾವಂತ್ರಿ ಎಂಬ ಹೆಣ್ಣುಮಗಳು ಈ ಊರಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಆ ಕಟ್ಟಳೆ ಮುರಿದಳು. ಕರುವೊಂದು ರಾಶಿಗೆ ಬಾಯಿ ಹಾಕಲು ಬಂತು, ಅವಳ ಬಾಯಿಂದ ‘ಹೈ’ ಎಂಬ ಸದ್ದು ಹೊರಟಿತು, ಅಷ್ಟೇ. ಆ ವರ್ಷ ಅವರ ಮನೆಯ ಜೋಳ ಕಡಿಮೆ ಬಿತ್ತು. ನೆಲದ ಹಸಿ ಸಾಲದೆ ಅರ್ಧ ಊರಿಗೇ ಕಡಿಮೆ ಬಿದ್ದಿತ್ತು, ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮವರಿಗೆ ಹೊಸದಲ್ಲ. ಅವಳ ಅತ್ತೆ ತಂಗೆವ್ವ ಹಿಟ್ಟಿನ ಗಡಿಗೆಗೆ ಕೈ ಹಾಕಿದಾಗಲೆಲ್ಲ, “ಮಾತಾಡಿದ್ರ ಹೋತು, ಮುತ್ತು ಒಡದ್ರ ಹೋತು” ಎಂದು ಕುಟುಕುತ್ತಿದ್ದಳು. ನಾಗರಪಂಚಮಿಗೆ ತವರಿಗೂ ಕಳಿಸಲಿಲ್ಲ. ಬರುವ ರಾಶಿ ಸುಸೂತ್ರವಾಗಿ ಮುಗಿದರೆ ತನ್ನ ಮೇಲಿನ ಅಪವಾದ ತೊಳೆದುಹೋಗುತ್ತದೆ ಎಂಬುದೊಂದೇ ಶಾವಂತ್ರಿಯ ಆಸೆಯಾಗಿ ಉಳಿಯಿತು.

ಮರುವರ್ಷ ಕಾಲವೇ ಹಾದಿ ತಪ್ಪಿತು. ಶಿವರಾತ್ರಿಗೆ ಶಿವಶಿವಾ ಎಂದು ಹೋಗಬೇಕಾದ ಚಳಿ ಸಂಕ್ರಾಂತಿ ಕಳೆಯುತ್ತಲೇ ಹೋಯಿತು. ಬೇಸಗೆ ಬಂತೆಂದು ನಂಬಿ ಬಾವಿ ದಂಡೆಯ ಮಾವು ಮೈತುಂಬ ಹೂ ಬಿಟ್ಟಿತು, ಬೇವು ಹಳೆಯ ಎಲೆ ಉದುರಿಸುವುದನ್ನೂ ಮರೆತು ಹೂವಾಯಿತು. ಆಮೇಲೆ ಚಳಿ, ಚಪ್ಪಲಿ ಮರೆತು ಹೋದ ಬೀಗರಂತೆ, ಮರಳಿ ಬಂತು. ಮಂಜು ಹೊತ್ತೇರಿದರೂ ಕರಗದೆ ಮಾವಿನ ಹೂ ಕರ್ರಗಾಗಿ ಉದುರಿತು. ಜಿಟಿಜಿಟಿ ಹನಿಗೆ ಕಡಲೆ ಗಿಡದ ಹುಳಿ ತೊಳೆದುಹೋಗಿ ಕಾಯಿಗೆ ಹುಳ ಬಿತ್ತು. ಹಿತ್ತಲ ಬದನೆ, ಅವರೆ ಎಲೆ ಮುದುರಿಕೊಂಡು ನಿಂತವು. ಜೋಳವೊಂದು ಹೇಗೋ ತಪ್ಪಿಸಿಕೊಂಡು ಕಣಕ್ಕೆ ಬಂತು. ವರ್ಷದ ರೊಟ್ಟಿ, ಮುಂದಿನ ಬೀಜ, ಎಲ್ಲ ಅದೇ. ತುಳಿಸಿದ್ದೂ ಆಯಿತು, ಆದರೆ ತೂರಲು ಗಾಳಿಯಿಲ್ಲ. ಫಾಲ್ಗುಣದಲ್ಲಿ ಬೀಸುವ ಪಡುವಲ ಗಾಳಿ ಆ ಸಲ ಬರಲೇ ಇಲ್ಲ. ಹೊಟ್ಟು ಬೆರೆತ ಕಾಳು ಮನೆಗೊಂದು ಗುಡ್ಡೆಯಾಗಿ ಬಂಡೆಯ ಮೇಲೆ ಬಿದ್ದಿತ್ತು, ಜನ ಅದರ ಮಗ್ಗುಲಲ್ಲೇ ಉಂಡು ಮಲಗಿ ಗಾಳಿಯ ದಾರಿ ಕಾಯುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಗಾಳಿ ಎದ್ದಿತು. ಮೂಡಲಿಂದ ಬಂದ, ಮೈಗೆ ತಣ್ಣಗೆ ತಾಗುವ ಗಾಳಿ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆಯೇ ಹೊರತು ಯಾವ ದಿಕ್ಕಿನ ಗಾಳಿ ಎಂದು ಕೇಳಿಕೊಳ್ಳಲು ಹೇಳಿಲ್ಲ. ಊರ ಗೌಡ ಮೊದಲ ಬುಟ್ಟಿ ಎತ್ತಿದ, ಕಣವೆಲ್ಲ ಮೂಕವಾಯಿತು. ಶಾವಂತ್ರಿಯ ಗಂಡ ಬಾಳಪ್ಪ ಮೂರು ಕಾಲಿನ ಎತ್ತರದ ಮಣೆ ಏರಿ ತೂರತೊಡಗಿದ. ಹೊಟ್ಟು ಪಡುವಲಿಗೆ ಹಾರಿ, ಕಾಳು ನೆಟ್ಟಗೆ ಬಿತ್ತು. ಶಾವಂತ್ರಿ ಮೂಡಲಿಗೆ ಮುಖ ಮಾಡಿ ಕೂತು, ಕಾಳಿನ ಅಂಚಿಗೆ ಬಿದ್ದ ಕಸವನ್ನು ಕಡ್ಡಿ ಪೊರಕೆಯಿಂದ ಸರಿಸುತ್ತಿದ್ದಳು. ಕಣ್ಣೆತ್ತಿದಾಗ ಹೊಲದಂಚಿನಲ್ಲಿ ಒಂದು ಕಪ್ಪು ಗೆರೆ ಕಂಡಿತು. ಮತ್ತೊಮ್ಮೆ ಎತ್ತಿದಾಗ ಅದು ಗೆರೆಯಾಗಿರಲಿಲ್ಲ. ಈಗ ಕೂಗಿದರೆ ಕಾಳು ಗುಡಿಸಿ ಕಂಬಳಿ ಹೊದಿಸಲು, ಅರ್ಧವನ್ನಾದರೂ ಮನೆ ಸೇರಿಸಲು ಸಮಯವಿತ್ತು. ಕೂಗಿದ ಮೇಲೆ ಮೋಡ ಚದುರಿಹೋದರೆ? ಆಗ ಇಡೀ ಊರಿನ ಹುಲುಸು ಕಳೆದವಳು ಅವಳೇ. ಕಳೆದ ವರ್ಷದ ಒಂದು ‘ಹೈ’ಗೆ ತಿಂದ ಮಾತುಗಳು ನೆನಪಾದವು. ಅವಳು ಪೊರಕೆ ಆಡಿಸುತ್ತಲೇ ಹೋದಳು. ಕಣದಲ್ಲಿ ಕಾಳು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮೊದಲು ಆಲಿಕಲ್ಲು ಬಿತ್ತು, ಹಿಂದೆಯೇ ಮಳೆ. ಇಳಿಜಾರು ಬಂಡೆಯ ಮೇಲಿಂದ ಬಹುಪಾಲು ಕಾಳು ನೀರಿನ ಜೊತೆ ಪಡುವಲಿಗೆ ಹರಿದು, ಎರೆಯ ಬಿರುಕುಗಳಲ್ಲಿ ಇಳಿದುಹೋಯಿತು. ಆಗಲೂ ಯಾರೂ ಕೂಗಲಿಲ್ಲ ಎನ್ನುತ್ತಾರೆ. ಕೂಗಬಾರದೆಂಬ ಕಟ್ಟಳೆ ಆ ಹೊತ್ತಿಗೆ ಮೈಯೊಳಗೇ ಸೇರಿಹೋಗಿತ್ತು. ಶಾವಂತ್ರಿಗೆ ಅಳು ಬರಲಿಲ್ಲ. ದುಃಖವಾಗುತ್ತಿಲ್ಲವಲ್ಲ ಎಂದು ತನ್ನನ್ನು ತಾನೇ ನೋಡಿಕೊಂಡಳು, ಅದಕ್ಕೂ ಬೇಸರವಾಗಲಿಲ್ಲ. ಒಳಗೆ ಎಲ್ಲ ಮರಗಟ್ಟಿತ್ತು. ಕೆಲವು ದಿನಗಳಲ್ಲಿ ಬಂಡೆಯ ಸುತ್ತ ಬಿರುಕು ಬಿರುಕಿನಲ್ಲೂ ಜೋಳ ಮೊಳೆತು, ಕಣ್ಣು ತಣಿಯುವ ಹಸುರು ಎದ್ದಿತು. ಎಳೆ ಜೋಳ ದನಕ್ಕೆ ವಿಷ. ಮನೆಯಲ್ಲಿ ಹಿಡಿ ಕಾಳಿಲ್ಲದವರು, ಬೆಳೆಯಾಗದ ಆ ಪೈರಿಗೆ ಕಾವಲು ನಿಂತರು.

ಉಳಿದ ಒದ್ದೆ ಕಾಳನ್ನು ಬಂಡೆಯ ಮೇಲೆ ಆರಲು ಹರವಿ, ಮೊಳಕೆ ಬಂದದ್ದನ್ನು ಆರಿಸುತ್ತ ಎಲ್ಲರೂ ಕೂತಿದ್ದ ಒಂದು ಬೆಳಿಗ್ಗೆ ಶಾವಂತ್ರಿ ತಲೆ ಎತ್ತದೆ ಹೇಳಿದಳು, “ಅತ್ತಿ, ಮೋಡ ಬರೂದು ನಾ ಕಂಡಿದ್ದೆ. ಬಾಯಿ ಬಿಡಲಿಲ್ಲ.”

ತಂಗೆವ್ವನ ಕೈ ನಿಲ್ಲಲಿಲ್ಲ. “ನಾನೂ ಕಂಡಿದ್ದೆ” ಎಂದಳು. ಮೊಳೆತದ್ದೊಂದನ್ನು ಬದಿಗೆ ಹಾಕಿ, “ನಿನ್ನ ಮಾರೀನ ನೋಡಕೋತ ಕುಂತಿದ್ದೆ. ಇಕಿ ಈಗ ಕೂಗ್ತಾಳ, ಈಗ ಕೂಗ್ತಾಳ ಅಂತ. ಹೆಂಗೂ ಒಮ್ಮಿ ಕೆಟ್ಟ ಹೆಸರು ತಗೊಂಡಾಕಿ, ಇನ್ನೊಮ್ಮಿ ತಗೊಂಡ್ರ ಇಕಿಗೇನ ಹೊಸಾದು ಅಂದ್ಕೊಂಡೆ” ಎಂದಳು.

ಬಾಳಪ್ಪ ಎದ್ದು ನಿಂತ. “ನಾನೂ ಕಂಡಿದ್ದೆ, ಅವ್ವಾ. ಗೌಡ್ರು ಕೈ ನಿಲ್ಲಸ್ತಾರ ಅಂತ ಕಾಯ್ದೆ.”

ಮಗ್ಗುಲ ರಾಶಿಯಲ್ಲಿ ಕೂತಿದ್ದ ಗೌಡ ಕೇಳಿಸಿಕೊಂಡಿದ್ದ. “ಕಿರ್ಯಾರು ಯಾರರ ಅಂದಿದ್ರ ಬೈದು, ಆಮ್ಯಾಲೆ ಕೇಳ್ತಿದ್ದೆ” ಎಂದ. ಹೀಗೆ ಒಬ್ಬೊಬ್ಬರಾಗಿ ಬಂಡೆಯ ತುದಿಯವರೆಗೂ ಅದೇ ಮಾತು ಹೋಯಿತು. ಎಲ್ಲರೂ ಕಂಡಿದ್ದರು. ಶಾವಂತ್ರಿಗೆ ಸಿಟ್ಟೂ ಬರಲಿಲ್ಲ, ಎದೆಯ ಭಾರವೂ ಇಳಿಯಲಿಲ್ಲ. ಮೊಳಕೆ ಬಂದ ಕಾಳು ಒಂದು ಕಡೆ, ಬಾರದ್ದು ಒಂದು ಕಡೆ ಹಾಕುತ್ತಲೇ ಇದ್ದಳು. ಅಂದಿನಿಂದ ಬಂಡೆಗೆ ಮೂಕರ ಕಣ ಎಂಬ ಹೆಸರು ಬಂತು. ಹೆಸರಿಟ್ಟವರು ನೆರೆ ಊರಿನವರಲ್ಲ, ಅವರೇ ಇಟ್ಟುಕೊಂಡದ್ದು ಎನ್ನುತ್ತಾರೆ. ಹಳೆಯ ಕಟ್ಟಳೆಯನ್ನು ಅವರು ಪೂರ್ತಿ ಬಿಡಲಿಲ್ಲ, ಬಿಡುವುದು ಅಷ್ಟು ಸುಲಭವೂ ಅಲ್ಲ. ಆದರೆ ಕಣದಲ್ಲಿ ಒಬ್ಬಳು ಮಾತ್ರ, ಕಂಡದ್ದನ್ನೆಲ್ಲ ಬಿಡದೆ, ಮಾತಾಡುತ್ತಲೇ ಇರಬೇಕು, ಅವಳು ಮನೆಯ ಕಿರಿಯ ಸೊಸೆಯೇ ಆಗಿರಬೇಕು, ಅವಳು ಆಡಿದ್ದಕ್ಕೆ ಯಾರೂ ಎದುರಾಡಬಾರದು ಎಂದು ತಂಗೆವ್ವನೇ ಮುಂದೆ ನಿಂತು ಗೊತ್ತುಮಾಡಿದಳಂತೆ.

ಈಗ ಬಂಡೆಯ ಮೇಲೆ ರಾಶಿಯಾಗುವುದಿಲ್ಲ. ಹೊಲಕ್ಕೇ ಮಷೀನು ಬರುತ್ತದೆ, ಅದಕ್ಕೆ ಗಾಳಿಯ ಹಂಗಿಲ್ಲ. ಆದರೂ ಫಾಲ್ಗುಣದಲ್ಲಿ ಆ ಕಡೆ ಹೋದವರು ನೋಡಬಹುದು: ದೂಳೆಬ್ಬಿಸುವ ಮಷೀನಿನ ಪಕ್ಕ, ಟ್ರ್ಯಾಕ್ಟರಿನ ಟ್ರೈಲರ್ ಮೇಲೆ, ತಲೆಗೆ ಸೆರಗು ಹೊದ್ದ ಹೊಸ ಸೊಸೆಯೊಬ್ಬಳು ಮೂಡಲಿಗೆ ಮುಖ ಮಾಡಿ ಕೂತಿರುತ್ತಾಳೆ. “ಏನೂ ಇಲ್ಲ. ದನ ಹೊಂಟಾವ. ಏನೂ ಇಲ್ಲ” ಎಂದು ಒಂದೇ ಸಮನೆ ಹೇಳುತ್ತಿರುತ್ತಾಳೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅವಳ ಅತ್ತೆ ಎದುರಿಗೆ ಕೂತು ಸೊಸೆಯ ತುಟಿಯನ್ನೇ ನೋಡುತ್ತಿರುತ್ತಾಳೆ. ತುಟಿ ಒಂದು ಗಳಿಗೆ ನಿಂತರೆ ಅತ್ತೆ ಕೈ ಎತ್ತುತ್ತಾಳೆ, ಮಷೀನು ನಿಲ್ಲುತ್ತದೆ.